ಮರು: ಬೋರ್ಡ್‌ಗೆ ಪದ ಬೇಕು – ಸ್ಟ್ರಕ್ಚರಲ್ ಇಂಟಿಗ್ರೇಶನ್

> ಜಯನಗರದಲ್ಲಿ ಗೆಳತಿಯ ಸ್ಟ್ರಕ್ಚರಲ್ ಇಂಟಿಗ್ರೇಶನ್ (ಮೈ ಒತ್ತಿ ನೆಟ್ಟಗೆ ನಿಲ್ಲುವಂತೆ ಮಾಡುವ ವಿಧಾನ) ಸೆಂಟರ್‌ಗೆ ಬೋರ್ಡ್ ಬರೆಸಬೇಕು. 60% ಕನ್ನಡ ಇರಲೇಬೇಕಲ್ಲ. ಮಸಾಜ್ ಅಂತ ಹಾಕೋಕೆ ಅವಳಿಗೆ ಇಷ್ಟ ಇಲ್ಲ. ಶುಕ್ರವಾರದೊಳಗೆ ಹೇಳಿ.

ಮೇಡಂ, 'ಮೈನಿಲುವು ತಿದ್ದುವಿಕೆ' ಅಂತ ಬರೆಸಿ. ಮೇಲ್ಗಡೆ, ದೊಡ್ಡಕ್ಷರದಲ್ಲಿ. ಇಂಗ್ಲಿಷ್ ಹೆಸರು ಕೆಳಗೆ ಸಣ್ಣದಾಗಿ ಇರಲಿ.

> ಅಂಗಮರ್ದನ ಅನ್ನೋ ಒಳ್ಳೆ ಪದ ಇರುವಾಗ ಹೊಸದು ಯಾಕೆ?

ಅಂಗಮರ್ದನ ಆಗಲ್ಲ. ಅದನ್ನು ಓದಿದವರು ಎಣ್ಣೆ ತಿಕ್ಕಿಸಿಕೊಳ್ಳೋಕೆ ಬರ್ತಾರೆ. ಇಲ್ಲಿ ಮೊದಲು ನಿಮ್ಮನ್ನು ನಿಲ್ಲಿಸಿ, ನಡೆಸಿ ನೋಡುತ್ತಾರೆ. ಯಾವ ಭುಜ ಇಳಿದಿದೆ, ಕತ್ತು ಎಷ್ಟು ಮುಂದೆ ಚಾಚಿದೆ ಅಂತ. ಆಮೇಲೆ ಬೆರಳ ಗೆಣ್ಣಿನಿಂದ, ಮೊಣಕೈಯಿಂದ ನಿಧಾನವಾಗಿ ಒತ್ತುತ್ತಾರೆ. ಅವರ ಗಮನವೆಲ್ಲ ಮಾಂಸಖಂಡದ ಸುತ್ತ ಇರುವ ಪೊರೆಯ ಮೇಲೆ. ಮಟನ್ ಹೆಚ್ಚುವಾಗ ಕೆಂಪು ಮಾಂಸದ ಮೇಲೆ ಬೆಳ್ಳಗೆ, ತೆಳ್ಳಗೆ ಎದ್ದು ಬರುತ್ತಲ್ಲ, ಅಂಥ ಪೊರೆ. ಇದನ್ನು ಶುರು ಮಾಡಿದ ಐಡಾ ರಾಲ್ಫ್ (1896–1979) ಅಮೆರಿಕದವರು, 1920ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಜೀವರಸಾಯನದಲ್ಲಿ ಪಿಎಚ್.ಡಿ. ಪಡೆದವರು. ಅವರ ಕ್ರಮದಲ್ಲಿ ಹತ್ತು ಸಿಟ್ಟಿಂಗ್. ಮೊದಲನೆಯದು ಉಸಿರಾಟಕ್ಕೆ, ಎರಡನೆಯದು ಪಾದಕ್ಕೆ, ಹೀಗೆ. ಎಲ್ಲಾ ಮಾಡುವುದು ಮೈ ನೆಟ್ಟಗೆ ನಿಲ್ಲಲಿ ಅಂತಲೇ. ಹಾಗಾಗಿ ಹೆಸರಲ್ಲೂ 'ನಿಲ್ಲು' ಇರಬೇಕು.

> ನಿಲುವು ಅಂದರೆ ಅಭಿಪ್ರಾಯ. 'ಪಕ್ಷದ ನಿಲುವು' ಅನ್ನಲ್ವಾ?

ನಿಲುವುಗನ್ನಡಿ, ನಿಲುವಂಗಿ ಎರಡರಲ್ಲೂ ನಿಲುವು ಮೈಯದೇ. ಪೇಪರ್‌ನವರು ಬೇರೆ ಅರ್ಥಕ್ಕೆ ಜಾಸ್ತಿ ಬಳಸುತ್ತಾರೆ ಅಂತ ನಾವು ಆ ಪದವನ್ನು ಬಿಟ್ಟುಕೊಡಬೇಕಾಗಿಲ್ಲ. ಗೊಂದಲ ಬೇಡ ಅಂತಲೇ ಮುಂದೆ 'ಮೈ' ಸೇರಿಸಿದ್ದು.

> 'ಸ್ನಾಯು ಸಮತೋಲನ ಚಿಕಿತ್ಸೆ' ಗಂಭೀರವಾಗಿದೆ.

ಬೇಡವೇ ಬೇಡ. ಶಾಲೆ ಪುಸ್ತಕದಲ್ಲಿ ಸ್ನಾಯು ಅಂದರೆ ಮಾಂಸಖಂಡ. ಹಳೆಯ ಆಯುರ್ವೇದ ಗ್ರಂಥ ಸುಶ್ರುತಸಂಹಿತೆಯಲ್ಲಿ ಸ್ನಾಯು (ಕಟ್ಟಿಹಿಡಿಯುವ ನಾರು) 900, ಪೇಶಿ (ಮಾಂಸಖಂಡ) 500 ಅಂತ ಎರಡಕ್ಕೂ ಬೇರೆ ಬೇರೆ ಲೆಕ್ಕ ಇದೆ. ಅಲ್ಲಿಂದ ತಂದ ಪದದ ಅರ್ಥವನ್ನೇ ನಾವು ಬದಲಿಸಿಕೊಂಡಿದ್ದೇವೆ. ಇನ್ನು ಅದೇ ಪದದ ಮೇಲೆ ಮತ್ತೊಂದು ಕಟ್ಟುವುದು ಯಾಕೆ? 'ಚಿಕಿತ್ಸೆ' ಅನ್ನೋದಕ್ಕೂ ನನ್ನ ವಿರೋಧ ಇದೆ. ಈ ವಿಧಾನದಿಂದ ರೋಗ ವಾಸಿಯಾಗುತ್ತದೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ. ಬೋರ್ಡ್ ನೋಡಿ ನೋವು ಹೊತ್ತುಕೊಂಡು ಬರುವವರಿಗೆ ಆ ಮಾತು ಕೊಡಬಾರದು.

> ರಾಲ್ಫಿಂಗ್ ಅಂತಲೇ ಕನ್ನಡದಲ್ಲಿ ಬರೆದರೆ ಮುಗೀತು. ಬಸ್ಸು, ಕಾರು ಬಂದಿಲ್ವಾ?

ಬಂದಿವೆ. ಊರೆಲ್ಲ ಬಸ್ಸು ಹತ್ತಿ ಇಳಿದು ಆ ಪದ ನಮ್ಮದಾಯ್ತು. ರಾಲ್ಫಿಂಗ್ ಅನ್ನೋದು ಐಡಾ ರಾಲ್ಫ್ ಹೆಸರಿನಿಂದ ಬಂದ, ಅವರ ಇದೇ ವಿಧಾನದ ಹೆಸರು. ಅದನ್ನ ಜಯನಗರದ ಫುಟ್‌ಪಾತಿನಲ್ಲಿ ನಿಂತು ಓದಿದವರಿಗೆ ಒಳಗೆ ಏನು ಮಾಡ್ತಾರೆ ಅಂತ ಗೊತ್ತಾಗಲ್ಲ. ಲಿಪಿ ಕನ್ನಡ ಆದರೆ ಸಾಲದು. ಜೊತೆಗೆ ಅದು ಟ್ರೇಡ್‌ಮಾರ್ಕ್. ಅಮೆರಿಕದಲ್ಲಿರುವ ರಾಲ್ಫ್ ಅವರ ಸಂಸ್ಥೆಯ ಸರ್ಟಿಫಿಕೇಟ್ ಇಲ್ಲದವರು ಹಾಕಿಕೊಳ್ಳುವಂತಿಲ್ಲ. ಮೇಡಂ, ಗೆಳತಿ ಎಲ್ಲಿ ಕಲಿತರು ಅಂತ ಮೊದಲು ಕೇಳಿ.

ಇನ್ನೊಂದು. ಬೋರ್ಡ್ ಬರೆಯುವವರು 'ಮೈ' ಒಂದು ಸಾಲಿಗೆ, 'ನಿಲುವು' ಇನ್ನೊಂದು ಸಾಲಿಗೆ ಒಡೆಯದ ಹಾಗೆ ನೋಡಿಕೊಳ್ಳಿ. ಒಂದೇ ಪದ ಅದು. ಪ್ರೂಫ್ ಬಂದ ಮೇಲೆ ಇಲ್ಲಿಗೆ ಕಳಿಸಿ, ನೋಡಿ ಹೇಳುತ್ತೇನೆ.