ಮೇಣದ ಮೇಲೆ ಕೂತ ಕಮೋಡು

ನ್ಯೂಜೆರ್ಸಿಯಲ್ಲಿ ನಾಲ್ಕು ಮಂದಿ ಕನ್ನಡಿಗರು ಶನಿವಾರ ಸೇರಿದರೆ ಮಾತಿಗೆ ವಿಷಯ ಹುಡುಕಬೇಕಿಲ್ಲ. ಗ್ರೀನ್ ಕಾರ್ಡು, ಮಗಳ ರಂಗಪ್ರವೇಶ, ಪ್ರಾಪರ್ಟಿ ಟ್ಯಾಕ್ಸು. ಇವು ಮೂರು ಮುಗಿಯೋದರೊಳಗೆ ಊಟಕ್ಕೆ ಕರೆ ಬಂದಿರುತ್ತೆ. ರಘು ಮನೆಯಲ್ಲಿ ಮಾತ್ರ ಅವತ್ತು ಎಲ್ಲರ ಕತ್ತೂ ಮೇಲಕ್ಕೆ. ಊಟದ ಮೇಜಿನ ನೆತ್ತಿಗೆ ಸರಿಯಾಗಿ, ಬಿಳಿ ಸೀಲಿಂಗಿನಲ್ಲಿ, ಡಿಕಾಕ್ಷನ್ ಬಣ್ಣದ ಒಂದು ಕಲೆ.

"ಹೋದ ಸಲ ಬಂದಾಗ ಹುಬ್ಬಳ್ಳಿಯಷ್ಟ ಇತ್ತಲ್ಲೋ ಇದು," ಅಂದ ಗೆಳೆಯ ಬಸ್ಸು. "ಈಗ ಹುಬ್ಬಳ್ಳಿ-ಧಾರವಾಡ ಎರಡೂ ಕೂಡಿಬಿಟ್ಟಾವ."

"ಅದರ ಮೇಲೆ ಏನುಂಟು ಮಾರಾಯಾ?" ಭಟ್ಟ ಕೇಳಿದ.

ರಘು ತಟ್ಟೆಯಲ್ಲಿದ್ದ ಬಿಸಿಬೇಳೆಬಾತ್ ನೋಡಿದ, ನಮ್ಮ ಮುಖ ನೋಡಿದ. "ಊಟ ಮುಗೀಲಿ, ಹೇಳ್ತೀನಿ."

ಹೇಳೋದೇನೂ ಉಳಿದಿರಲಿಲ್ಲ. ಕುರ್ಚಿಗಳೆಲ್ಲ ಕರ್ರ್ ಅಂತ ಒಟ್ಟಿಗೇ ಹಿಂದೆ ಸರಿದವು. ರಘು ಅಪ್ಪ ರಾಯರು ಮಾತ್ರ ಕದಲಲಿಲ್ಲ. ಪಿಡಬ್ಲ್ಯೂಡಿಯಲ್ಲಿ ಎಂಜಿನಿಯರಾಗಿ ಮೈಸೂರು, ಮಂಡ್ಯ, ಹಾಸನ ಸುತ್ತಿ ರಿಟೈರ್ ಆದವರು. ಸೋರೋದನ್ನ ಕಂಡು ಊಟ ಬಿಟ್ಟವರಲ್ಲ.

"ಕಕ್ಕಸು ತಾನೆ? ಸ್ಲ್ಯಾಬ್ ಬಿರುಕು ಬಿಟ್ಟಿರುತ್ತೆ, ಅಷ್ಟೇ. ಸುಮಾ, ಇನ್ನೊಂಚೂರು ತುಪ್ಪ."

"ಇಲ್ಲಿ ಸ್ಲ್ಯಾಬೇ ಇಲ್ಲ ಮಾವ," ಅಂದಳು ಸುಮಾ.

ತುಪ್ಪಕ್ಕೆ ಚಾಚಿದ ಕೈ ಅಲ್ಲೇ ನಿಂತಿತು. "ಮತ್ತೆ ನಾನು ಮಹಡಿ ಮೇಲೆ ಮಲಗ್ತಿರೋದು ಯಾತರ ಮೇಲೆ?"

"ಮರದ ಮೇಲೆ ರಾಯರೇ," ಭಟ್ಟ ಖುಷಿಯಿಂದ ಶುರುಮಾಡಿದ. ಉಡುಪಿಯವನು; ಹೊಟ್ಟೆಪಾಡಿಗೆ ಸಾಫ್ಟ್‌ವೇರ್, ಜೀವಕ್ಕೆ ಪ್ಲಂಬಿಂಗು. "16 ಇಂಚಿಗೊಂದು ತೊಲೆ, ಮೇಲೆ ಮುಕ್ಕಾಲು ಇಂಚಿನ ಪ್ಲೈವುಡ್, ಕೆಳಗೆ ಅರ್ಧ ಇಂಚಿನ ಜಿಪ್ಸಮ್ ಹಲಗೆ. ಇಷ್ಟೇ ಅಮೆರಿಕದ ಮಹಡಿ."

"ಬಂದಾಗಿಂದ ಮಲಗ್ತಿದೀನಿ. ಒಬ್ಬರೂ ಹೇಳಲಿಲ್ಲವಲ್ಲ," ಅಂದರು ರಾಯರು, ಮಗನ ಕಡೆ ನೋಡುತ್ತ.

ಭಟ್ಟ ಆಗಲೇ ತನಿಖೆಗೆ ಇಳಿದಿದ್ದ. ಯಾವಾಗಲೂ ತೊಟ್ಟಿಕ್ಕುತ್ತೋ, ಫ್ಲಶ್ ಮಾಡಿದಾಗ ಮಾತ್ರವೋ? ದಿನವಿಡೀ ಆದರೆ ನೀರಿನ ಪೈಪೋ ಟ್ಯಾಂಕೋ ಸೋರುತ್ತಿರುತ್ತೆ. ಫ್ಲಶ್ ಮಾಡಿದಾಗ ಮಾತ್ರ ಆದರೆ ಕಮೋಡಿನ ಬುಡ. "ಬಣ್ಣ ಹಾಕಿ ನೋಡಿದ್ರೆ ಗೊತ್ತಾಗ್ತದೆ. ಸುಮಕ್ಕಾ, ಅಡುಗೆ ಬಣ್ಣ ಏನಾದ್ರೂ ಉಂಟಾ?"

ಇತ್ತು. ಕೇಸರಿಬಾತಿಗೆ ಹಾಕೋ ಪುಡಿ. ಭಟ್ಟ ಒಂದು ಚಮಚ ಮೇಲೆ ತಗೊಂಡುಹೋದ. ಕಮೋಡಿನ ನೀರಿಗೆ ಕದಡಿದ, ಫ್ಲಶ್ ಮಾಡಿದ, ಮತ್ತೆ ಮಾಡಿದ. ನಾವು ಕೆಳಗೆ ಕತ್ತೆತ್ತಿ ನಿಂತೆವು. ಕಲೆಯ ನಡುವೆ ಒಂದು ಹನಿ ಕೂಡಿಕೊಂಡಿತು, ತೂಗಿತು, ಖಾಲಿ ಮೇಜಿನ ಮೇಲೆ ಟಪ್ ಅಂತ ಬಿತ್ತು. ಅಪ್ಪಟ ಕೇಸರಿ.

"ಬುಡವೇ," ಭಟ್ಟ ಮೆಟ್ಟಿಲಿನಿಂದ ಕೂಗಿದ, ಬಹುಮಾನ ಬಂದವರ ದನಿಯಲ್ಲಿ. ಅವತ್ತು ಸುಮಾ ಸಿಹಿಗೆ ಮಾಡಿದ್ದು ಕೇಸರಿಬಾತೇ. ಯಾರೂ ಬಡಿಸಿಕೊಳ್ಳಲಿಲ್ಲ. ರಾಯರು ಎರಡು ಸಲ ಹಾಕಿಸಿಕೊಂಡರು.

ಊಟವಾದ ಮೇಲೆ ಇಡೀ ಸಭೆ ಬಾತ್‌ರೂಮಿಗೆ ಸ್ಥಳಾಂತರ. ಬಸ್ಸು ಕಮೋಡಿನ ಮೇಲೆ ಕೂತು ಆಚೀಚೆ ವಾಲಿದ. "ರಘು, ಇದು ಅಲುಗಾಡ್ತದಲ್ಲೋ. ನಿನಗ ಗೊತ್ತ ಆಗಿಲ್ಲೇನು?"

"ಗೊತ್ತಾಗಿತ್ತು. ಅದಕ್ಕೇ ಆರು ತಿಂಗಳ ಹಿಂದೆ ಒಬ್ಬ ಹ್ಯಾಂಡಿಮ್ಯಾನ್ ಕರೆಸಿದ್ದೆ. ಹೊಸ ರಿಂಗ್ ಹಾಕಿ, ಸುತ್ತ ಸಿಲಿಕೋನ್ ಬಳಿದು ಹೋದ. ಆಗ ನೆಲ ಒದ್ದೆ ಆಗ್ತಿತ್ತು, ಆಮೇಲೆ ನಿಂತ್ಹೋಯ್ತು."

"ನಿಲ್ಲದೆ ಏನು ಮಾಡ್ತದೆ? ಹೊರಗೆ ಬರೋ ದಾರಿ ಮುಚ್ಚಿದ್ದಾನೆ, ನೀರು ಕೆಳಗೆ ಹೋಯ್ತು." ಭಟ್ಟ ಮೊಣಕಾಲೂರಿ ಕೂತು ಬುಡದ ಸಿಲಿಕೋನ್ ಗೆರೆಯನ್ನ ಚಾಕುವಿನಿಂದ ಕೆರೆಯತೊಡಗಿದ. "ಸುತ್ತ ಬಳೀಬೇಕು ಅಂತ ಕೋಡ್ ಹೇಳ್ತದೆ, ಸರಿ. ಆದ್ರೆ ತಿಳಿದ ಪ್ಲಂಬರ್ ಹಿಂದುಗಡೆ ಒಂದಿಷ್ಟು ಜಾಗ ಬಿಡ್ತಾನೆ. ಸೋರಿದ್ರೆ ನೆಲದ ಮೇಲೆ ಕಾಣಲಿ ಅಂತ. ನಿನ್ನವ ಪೂರ್ತಿ ಕಟ್ಟಿಬಿಟ್ಟಿದಾನೆ."

ನೀರಿನ ವಾಲ್ವ್ ತಿರುಗಿಸಿದ್ದಾಯ್ತು, ಟ್ಯಾಂಕು ಖಾಲಿ ಮಾಡಿದ್ದಾಯ್ತು. ಉಳಿದ ನೀರನ್ನ ಸ್ಪಂಜಿನಲ್ಲಿ ಹಿಂಡುವ ಕೆಲಸ ಮನೆಯ ಯಜಮಾನನ ಪಾಲಿಗೆ ಬಂತು. ಅದರಲ್ಲಿ ಚರ್ಚೆಗೆ ಅವಕಾಶವಿರಲಿಲ್ಲ.

"ಒಂದು ಸಲಕ್ಕೆ ಎಷ್ಟು ನೀರು ಬೀಳುತ್ತೆ?" ರಾಯರು ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದಿದ್ದರು. ಮೊದಲ ಪುಟದಲ್ಲಿ 'ಎಂ.ಬಿ.' ಅಂತ ದಪ್ಪಗೆ ಬರೆದಿತ್ತು. ಮೆಷರ್‌ಮೆಂಟ್ ಬುಕ್, ಪಿಡಬ್ಲ್ಯೂಡಿಯವರು ಕಾಮಗಾರಿಯ ಅಳತೆ ಬರೆದಿಡೋ ಪುಸ್ತಕ. ಮನುಷ್ಯ ರಿಟೈರ್ ಆಗಬಹುದು, ಎಂ.ಬಿ. ಆಗೋದಿಲ್ಲ.

"1.6 ಗ್ಯಾಲನ್ ಅಂಕಲ್," ಅಂದೆ ನಾನು. "ಆರು ಲೀಟರ್ ಅಂದ್ಕೊಳ್ಳಿ. ಅದಕ್ಕಿಂತ ಹೆಚ್ಚು ಬಿಡೋ ಹಾಗಿಲ್ಲ ಅಂತ 1992ರಲ್ಲಿ ಕಾನೂನು ಮಾಡಿ 1994ರಿಂದ ಜಾರಿಗೆ ತಂದ್ರು. ಅದಕ್ಕೆ ಮುಂಚೆ ಮೂರೂವರೆ ಗ್ಯಾಲನ್ ಹರೀತಿತ್ತು."

"ಮೂರೂವರೆ ಗ್ಯಾಲನ್!" ರಾಯರು ಬರೆದುಕೊಂಡರು. "ನಮ್ಮ ಕಾಲದಲ್ಲಿ ಒಂದು ತಂಬಿಗೆ."

ಇಷ್ಟರಲ್ಲಿ ಬುಡದ ಎರಡು ನಟ್ ಬಿಚ್ಚಿ, ಬಸ್ಸು ಒಂದು ಕಡೆ ಭಟ್ಟ ಒಂದು ಕಡೆ ಹಿಡಿದು ಕಮೋಡನ್ನ ಎತ್ತಿ ಬಾತ್‌ಟಬ್ಬಿನೊಳಗೆ ಇಳಿಸಿದರು. ನೆಲದಲ್ಲಿ ತೆರೆದ ತೂತು. ಅದರಿಂದ ಮೇಲೆದ್ದ ವಾಸನೆಗೆ ನಾನು ಬಾಗಿಲಾಚೆ ಹೋದೆ.

"ಬಟ್ಟೆ ತುರುಕಿ, ಬೇಗ," ಅಂದ ಭಟ್ಟ. "ಕಮೋಡಿನ ಒಳಗೆ ನಿಂತ ನೀರೇ ಈ ಗ್ಯಾಸಿಗೆ ಅಡ್ಡ. ಈಗ ಅಡ್ಡ ತೆಗೆದಾಯ್ತಲ್ಲ."

ಸುಮಾ ಒಂದು ಹಳೇ ಟವೆಲ್ ಎಸೆದಳು. ರಾಯರು ಎಂ.ಬಿ.ಯಲ್ಲಿ ಬರೆದರು: 'ಬಟ್ಟೆ, ಒಂದು. ಒಳಗೆ.'

ಆಮೇಲೆ ಬಗ್ಗಿ ನೋಡಿದರು. ತೂತಿನ ಸುತ್ತ ಜೇನಿನ ಬಣ್ಣದ, ಅಂಟಂಟಾದ, ಅರ್ಧ ಜಜ್ಜಿ ಅರ್ಧ ಜಾರಿದ ಏನೋ ಒಂದು. "ಇದೇನು?"

"ಮೇಣದ ರಿಂಗು."

"ಮೇಣಾನಾ?"

"ಹೌದು ರಾಯರೇ. ಕೆಳಗಿನ ಪೈಪಿಗೂ ಕಮೋಡಿಗೂ ನಡುವೆ ಸೀಲ್ ಅಂದ್ರೆ ಇದೇ. ಕಮೋಡ್ ಇಟ್ಟು ಒತ್ತಿದ್ರೆ ಮೇಣ ಅಪ್ಪಚ್ಚಿಯಾಗಿ ಸಂದೆಲ್ಲ ತುಂಬ್ತದೆ."

"ಸಿಮೆಂಟು?"

"ಇಲ್ಲ."

"ವೈಟ್ ಸಿಮೆಂಟೂ ಇಲ್ಲ?"

"ಇಲ್ಲ."

ರಾಯರು ಟಬ್ಬಿನ ಅಂಚಿನ ಮೇಲೆ ಕೂತುಬಿಟ್ಟರು. "1969ರಲ್ಲಿ ಚಂದ್ರನ ಮೇಲೆ ಮನುಷ್ಯನ್ನ ಇಳಿಸಿದ ದೇಶ. ಕಕ್ಕಸನ್ನ ಮೇಣದ ಮೇಲೆ ಇಳಿಸಿದಾರೆ."

ಭಟ್ಟನಿಗೆ ಅವಮಾನವಾದಂತಾಯ್ತು, ಮೇಣ ಅವನೇ ಕಂಡುಹಿಡಿದವನ ಹಾಗೆ. "ಮೇಣ ಮೋಸ ಮಾಡೂದಿಲ್ಲ ರಾಯರೇ. ಈ ಪೈಪಿನಲ್ಲಿ ನೀರಿನ ಒತ್ತಡವೇ ಇಲ್ಲ, ಸುಮ್ಮನೆ ಬಿದ್ದು ಹೋಗೂದು. ಅಲುಗಾಡದೆ ಇದ್ರೆ ಮೇಣದ ರಿಂಗು ಇಪ್ಪತ್ತು-ಮೂವತ್ತು ವರ್ಷ ಕೂತಿರ್ತದೆ. ಅಲುಗಾಡಿತೋ, ಮುಗೀತು. ರಬ್ಬರಿನ ಹಾಗೆ ವಾಪಸ್ ಉಬ್ಬೂದಿಲ್ಲ ಅದು. ಇಲ್ಲಿ ತಪ್ಪು ಮೇಣದ್ದಲ್ಲ. ಇಲ್ಲಿ ನೋಡಿ."

ಪುಟ್ಟಿ ಚಾಕುವಿನಿಂದ ಅವನು ಮೇಣ ಕೆರೆದು ತೆಗೆದ. ಒಂದಲ್ಲ, ಒಂದರ ಮೇಲೊಂದು ಎರಡು ರಿಂಗು. ಅದರಡಿಯಲ್ಲಿ ಬಿಳಿ ಪಿವಿಸಿಯ ಅಗಲ ಬಳೆ: ಫ್ಲ್ಯಾಂಜು. ಪೈಪಿಗೆ ಅಂಟಿಸಿ ನೆಲಕ್ಕೆ ಬಿಗಿಯಬೇಕಾದ್ದು. ಕಮೋಡನ್ನ ಹಿಡಿಯುವ ಎರಡು ಬೋಲ್ಟೂ ಇದರ ಸೀಳಿನಿಂದಲೇ ಮೇಲೆ ಬರಬೇಕು.

ಭಟ್ಟ ಟೈಲ್ಸಿನ ಮೇಲೆ ಅಡ್ಡಲಾಗಿ ಸ್ಕೇಲ್ ಇಟ್ಟು ಕೆಳಕ್ಕೆ ಟೇಪ್ ಬಿಟ್ಟ. "ಫ್ಲ್ಯಾಂಜು ಟೈಲ್ಸಿನ ಮೇಲೆ ಕೂತ್ಕೋಬೇಕು. ನೆಲಕ್ಕಿಂತ ಕಾಲು ಇಂಚು ಎತ್ತರ. ಇದು ಎಲ್ಲುಂಟು? ಮುಕ್ಕಾಲು ಇಂಚು ಕೆಳಗೆ."

"ಮುಕ್ಕಾಲು," ಅಂತ ಎಂ.ಬಿ.ಗೆ ಹೋಯಿತು.

"ಯಾಕಂದ್ರೆ ಮೊದಲು ಇಲ್ಲಿ ಬರೀ ವಿನೈಲ್ ಹಾಳೆ ಇತ್ತು. ಆ ಲೆಕ್ಕಕ್ಕೆ ಫ್ಲ್ಯಾಂಜು ಕೂತಿತ್ತು. ಆಮೇಲೆ ಯಾರೋ ಅದರ ಮೇಲೆ ಸಿಮೆಂಟ್ ಬೋರ್ಡು, ಅದರ ಮೇಲೆ ಗಾರೆ, ಅದರ ಮೇಲೆ ಈ ಚಂದದ ಟೈಲ್ಸು. ನೆಲ ಮೇಲೆ ಬಂತು, ಫ್ಲ್ಯಾಂಜು ಗುಂಡಿಯೊಳಗೆ ಉಳೀತು. ರಿಂಗು ನಿಲುಕೂದಿಲ್ಲ ಅಂತ ನಿನ್ನ ಹ್ಯಾಂಡಿಮ್ಯಾನ್ ಇನ್ನೊಂದು ರಿಂಗು ಪೇರಿಸಿದ. ಜಾರದೆ ಏನಾಗ್ತದೆ? ಮತ್ತೆ ಇದು ನೋಡು." ಫ್ಲ್ಯಾಂಜಿನ ಸುತ್ತ ಇದ್ದ ತೂತುಗಳಲ್ಲಿ ಬೆರಳು ಆಡಿಸಿದ. "ಒಂದು ಸ್ಕ್ರೂನೂ ಇಲ್ಲ. ಇದು ನೆಲವನ್ನ ಹಿಡಿದೇ ಇಲ್ಲ, ಕಮೋಡನ್ನ ಹೇಗೆ ಹಿಡೀತದೆ?"

ಸುಮಾ ಟೈಲ್ಸನ್ನೇ ನೋಡುತ್ತಿದ್ದಳು. "ಈ ಮನೆ ತಗೊಂಡಿದ್ದೇ ಈ ಬಾತ್‌ರೂಮ್ ನೋಡಿ. 'ಹೊಸದಾಗಿ ನವೀಕರಿಸಿದ್ದು' ಅಂತ ಹಾಕಿದ್ರು."

"ಹಾಕಿದ್ದು ಸುಳ್ಳಲ್ಲ ವೈನಿ," ಬಸ್ಸು ಸಮಾಧಾನ ಮಾಡಿದ. "ಕಾಣೂದೆಲ್ಲಾ ಹೊಸಾದ ಅದ."

ಮನೆ ಕೊಳ್ಳುವಾಗ ನಾವೆಲ್ಲ ನಲ್ಲಿ ತಿರುಗಿಸಿ ನೋಡ್ತೀವಿ, ಟೈಲ್ಸು ಸವರಿ ನೋಡ್ತೀವಿ. ಕಮೋಡಿನ ಮೇಲೆ ಕೂತು ಒಮ್ಮೆ ವಾಲಿ ನೋಡೋರು ಯಾರು? ಏಜೆಂಟ್ ಎದುರಿಗೆ ನಿಂತಿರುವಾಗ ಸ್ವಲ್ಪ ಕಷ್ಟ ಅನ್ನೋದನ್ನ ಒಪ್ಪಬೇಕು. ಆದರೂ ಕೂರಬೇಕು ಅಂತ ನನ್ನ ಅಭಿಪ್ರಾಯ.

"ನಮ್ಮ ಕಡೆ ಇದೆಲ್ಲ ಇಲ್ಲ," ರಾಯರು ಶುರುಮಾಡಿದರು. "ಬಚ್ಚಲಿನ ಸ್ಲ್ಯಾಬನ್ನೇ ಒಂದಡಿ ತಗ್ಗಿಸ್ತೀವಿ. ವಾಟರ್‌ಪ್ರೂಫ್ ಮಾಡಿ, ನೀರು ಕಟ್ಟಿ ನಿಲ್ಲಿಸಿ, ಕೆಳಗೆ ಜಿನುಗಲಿಲ್ಲ ಅಂತ ಖಾತ್ರಿಯಾದ ಮೇಲೆ ಪೈಪು, ಆಮೇಲೆ ಇಟ್ಟಿಗೆ ಚೂರು ತುಂಬಿ..."

"ಅಲ್ಲೂ ಸೋರ್ತದಲ್ರೀ ಕಾಕಾ," ಅಂದ ಬಸ್ಸು.

"ಸೋರುತ್ತೆ. ಯಾರು ಇಲ್ಲ ಅಂದ್ರು? ಆದರೆ ಅದು ಸೋರೋದು ಕೆಳಗಿನ ಮನೆಯವರಿಗೆ. ಇಲ್ಲಿ ಮೇಲೂ ನಾವೇ, ಕೆಳಗೂ ನಾವೇ. ಜಗಳಕ್ಕೆ ಒಂದು ಜನ ಇಲ್ಲ."

ಭಟ್ಟ ಸ್ಕ್ರೂಡ್ರೈವರಿನಿಂದ ಪ್ಲೈವುಡ್ ಚುಚ್ಚಿ ನೋಡಿದ. ಕಪ್ಪಾಗಿತ್ತು, ಆದರೆ ಮೆತ್ತಗಾಗಿರಲಿಲ್ಲ. ಮೆತ್ತಗಾಗಿದ್ದರೆ ನೆಲವನ್ನೇ ಕತ್ತರಿಸಬೇಕಿತ್ತು, ಹರಟೆ ಅಲ್ಲಿಗೆ ನಿಂತು ದುಡ್ಡಿನ ಮಾತು ಶುರುವಾಗುತ್ತಿತ್ತು. ರಾತ್ರಿಯೆಲ್ಲ ಫ್ಯಾನ್ ಹಾಕಿ ಒಣಗಿಸಿ, ಭಾನುವಾರ ಬೆಳಿಗ್ಗೆ ಹೋಮ್ ಡಿಪೋಗೆ ಹೋಗಿಬಂದರು. ರಾಯರೂ ಹೋಗಿದ್ದರು. ವಾಪಸ್ ಬಂದು ಎಲ್ಲವನ್ನೂ ಸ್ಟಾಕ್ ತಗೊಂಡರು: ಫ್ಲ್ಯಾಂಜು ಎತ್ತರಿಸುವ ಪ್ಲಾಸ್ಟಿಕ್ ಬಳೆಗಳು, ಅರ್ಧ ಇಂಚಿನವೂ ಕಾಲು ಇಂಚಿನವೂ, ಉದ್ದ ಸ್ಟೀಲ್ ಸ್ಕ್ರೂ, ಹಿತ್ತಾಳೆ ಬೋಲ್ಟ್ ಎರಡು, ಸಿಲಿಕೋನ್, ಮೇಣದ ರಿಂಗು ಒಂದೇ ಒಂದು.

ಬಳೆ ಮೇಲೆ ಬಳೆ, ಪ್ರತಿ ಪದರಕ್ಕೂ ಸಿಲಿಕೋನ್. ಎಲ್ಲವನ್ನೂ ಸೇರಿಸಿ ಪ್ಲೈವುಡ್ಡಿನವರೆಗೆ ಸ್ಕ್ರೂ ಇಳಿಸಿದ ಮೇಲೆ ಸ್ಕೇಲಿಗೆ ಬಳೆ ತಾಗಿತು, ಟೈಲ್ಸ್ ತಾಗಲಿಲ್ಲ. ಭಟ್ಟ ಹೊಸ ಮೇಣ ಇಟ್ಟು, "ಎತ್ತು ಬಸ್ಸು" ಅಂದ.

"ನಿಲ್ಲಿ." ರಾಯರು ಎಂ.ಬಿ. ಪುಟ ತಿರುವಿದರು. "'ಬಟ್ಟೆ, ಒಂದು. ಒಳಗೆ' ಅಂತಿದೆ. 'ಹೊರಗೆ' ಅನ್ನೋ ಎಂಟ್ರಿ ಕಾಣ್ತಿಲ್ಲ."

ಭಟ್ಟ ಒಂದು ಗಳಿಗೆ ಹಾಗೇ ನಿಂತ. ಆಮೇಲೆ ಮಾತಾಡದೆ ಬಗ್ಗಿ ಟವೆಲ್ ಎಳೆದ. ಸರ್ಕಾರಿ ಪದ್ಧತಿಯನ್ನ ನಾವು ಸುಮ್ಮಸುಮ್ಮನೆ ಹೀಗಳೀತೀವಿ.

ಕಮೋಡು ಬೋಲ್ಟುಗಳ ನೇರಕ್ಕೆ ಇಳಿಯಿತು. ಒಮ್ಮೆ ಮೇಣಕ್ಕೆ ತಾಗಿದ ಮೇಲೆ ಮತ್ತೆ ಎತ್ತುವ ಹಾಗಿಲ್ಲ, ಎತ್ತಿದರೆ ಇನ್ನೊಂದು ಮೇಣ. "ಈಗ ಭಾರ ಬೇಕು. ನೇರ ಕೂತ್ಕೋ, ವಾಲಬೇಡ."

ಬಸ್ಸು ಗಂಭೀರವಾಗಿ ಆಸೀನನಾದ. ಕಮೋಡು ಮೆಲ್ಲಗೆ ಕುಸಿದು ಟೈಲ್ಸಿಗೆ ಕೂತಿತು. "ತೂಕ?" ರಾಯರು ಪೆನ್ನು ಹಿಡಿದು ಕೇಳಿದರು.

"ತೊಂಬತ್ತಾರು ಕೆ.ಜಿ. ಇಂಗ್ಲಿಷಿನ್ಯಾಗ ಡೆಡ್ ಲೋಡ್ ಅಂತ ಬರಿಬ್ಯಾಡ್ರಿ ಕಾಕಾ."

"ಲೈವ್ ಲೋಡ್," ಅಂತ ಬರೆದುಕೊಂಡರು.

ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಸಂದು. ಅಲ್ಲಿಗೆ ಪ್ಲಾಸ್ಟಿಕ್ ಬೆಣೆ. ನಟ್ಟುಗಳನ್ನ ಎಡಕ್ಕಿಷ್ಟು ಬಲಕ್ಕಿಷ್ಟು, ಪಿಂಗಾಣಿ ಸೀಳದ ಹಾಗೆ. ಸಿಲಿಕೋನ್ ಮೂರು ಕಡೆ ಮಾತ್ರ. ರಾಯರು ಕೆಳಗೆ ಮೇಜಿನ ಮೇಲೆ ಕೂತು ಸೂರು ನೋಡುತ್ತ ಫೋನಿನಲ್ಲಿ ಆಜ್ಞೆ ಕೊಟ್ಟರು: "ಬಿಡಿ... ಇನ್ನೊಂದು... ಇನ್ನೊಂದು." ಆರಾರು ಲೀಟರ್ ಹರಿದುಹೋಗುತ್ತಲೇ ಇತ್ತು. ಸುಮಾ ನೀರಿನ ಬಿಲ್ಲಿನ ಬಗ್ಗೆ ಏನೋ ಅಂದಳು. ಸೂರು ಒಂದು ಹನಿಯನ್ನೂ ಬಿಡಲಿಲ್ಲ.

ಕಾಫಿ ಬಂತು. ಎಲ್ಲರಿಗೂ ತುಂಬಿದ ಲೋಟ, ಭಟ್ಟನಿಗೆ ಅರ್ಧ.

"ಇದೆಂತ ಸುಮಕ್ಕಾ?"

"ಮಾವ ಹಾಗೇ ಕೊಡು ಅಂದ್ರು."

"ಠೇವಣಿ ಹಿಡಿದಿದೀನಿ," ಅಂದರು ರಾಯರು, ಎಂ.ಬಿ.ಗೆ ಸಹಿ ಹಾಕುತ್ತ. "ದೀಪಾವಳಿಗೆ ಮನೆ ತುಂಬ ನೆಂಟರು. ಅದೊಂದು ಕಳೀಲಿ, ಉಳಿದರ್ಧ ಬಿಲ್ ಪಾಸ್ ಮಾಡ್ತೀನಿ."