ಹದಿಹರೆಯದ ಮಕ್ಕಳು ಮತ್ತು ತರಕಾರಿ ಕೈತೋಟ: ತೋಟಗಾರಿಕೆ ಅಧಿಕಾರಿಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ರೈತರು, ಮಾಲೂರು ತಾಲ್ಲೂಕು):
ಮೇಡಂ, ನಮಸ್ಕಾರ. ನಾನು ಟೊಮೆಟೊ ಬೆಳೆಯುವ ರೈತ. ಮಗ ಈ ಜೂನ್‌ಗೆ ಒಂಬತ್ತನೇ ತರಗತಿಗೆ ಹೋಗುತ್ತಾನೆ. ಮನೆಗೆ ಬಂದರೆ ಮೊಬೈಲು ಹಿಡಿದು ಕೂರುತ್ತಾನೆ, ಹೊಲದ ಕಡೆ ತಿರುಗಿಯೂ ನೋಡುವುದಿಲ್ಲ. ಅವನು ರೈತನೇ ಆಗಬೇಕೆಂಬ ಹಟ ನನಗಿಲ್ಲ. ಹಿತ್ತಿಲಿನಲ್ಲಿ ನಾಲ್ಕು ಗಿಡ ತರಕಾರಿಯನ್ನಾದರೂ ತಾನೇ ಬೆಳೆಯಲಿ ಎಂಬ ಆಸೆ. ಕಳೆದ ವರ್ಷ ಟೊಮೆಟೊ ಸಸಿ ತಂದುಕೊಟ್ಟು ದಿನಾ ನೀರು ಹಾಕು ಎಂದೆ; ಒಂದು ವಾರವೂ ನಡೆಯಲಿಲ್ಲ. ಬೈದರೆ ಮುಖ ತಿರುಗಿಸುತ್ತಾನೆ. ಹೇಗೆ ಶುರು ಮಾಡಿಸಲಿ?

ಉತ್ತರ:
ನಮಸ್ಕಾರ. ಕಳೆದ ವರ್ಷ ಯಾವ ಗಿಡ ಎಂಬುದನ್ನು ತೀರ್ಮಾನಿಸಿದವರು ನೀವು, ಸಸಿ ತಂದವರೂ ನೀವು. ಮಗನ ಪಾಲಿಗೆ ಉಳಿದದ್ದು ನೀರು ಹೊರುವ ಕೆಲಸ ಮಾತ್ರ. ಈ ವಯಸ್ಸಿನ ಮಕ್ಕಳು ಹೇಳಿಸಿಕೊಂಡು ಮಾಡುವ ಕೆಲಸಕ್ಕಿಂತ ತಾವೇ ತೆಗೆದುಕೊಂಡ ತೀರ್ಮಾನಕ್ಕೆ ಹೆಚ್ಚು ನಿಷ್ಠರಾಗಿರುತ್ತಾರೆ. ಆದ್ದರಿಂದ ಈ ಸಲ ಹಿತ್ತಿಲಿನಲ್ಲಿ 10 ಅಡಿ ಉದ್ದ, 4 ಅಡಿ ಅಗಲದ ಒಂದು ಮಡಿಯನ್ನು ಅವನ ಹೆಸರಿಗೆ ಬಿಟ್ಟುಕೊಡಿ. 4 ಅಡಿ ಅಗಲವಾದರೆ ಎರಡೂ ಬದಿಯಿಂದ ಕೈ ಎಟುಕುತ್ತದೆ, ಮಡಿಯೊಳಗೆ ಕಾಲಿಟ್ಟು ಮಣ್ಣು ತುಳಿಯಬೇಕಾಗುವುದಿಲ್ಲ. ಏನು ಬಿತ್ತಬೇಕು, ಎಷ್ಟು ಬಿತ್ತಬೇಕು, ಯಾವಾಗ ಕೊಯ್ಯಬೇಕು ಎಂಬುದೆಲ್ಲ ಅವನಿಗೇ ಸೇರಿದ್ದು. ಗೊಬ್ಬರ, ಗುದ್ದಲಿ, ಬೀಜದ ಖರ್ಚು ನಿಮ್ಮದಾಗಲಿ.

ನಮ್ಮ ಜಿಲ್ಲೆಯ ಮಟ್ಟಿಗೆ ಇನ್ನೊಂದು ವಿಷಯವನ್ನು ಹೇಳಲೇಬೇಕು. ಬೆಳೆದದ್ದಕ್ಕೆ ಬೆಲೆಯಿಲ್ಲದೆ ಟೊಮೆಟೊವನ್ನು ರಸ್ತೆ ಬದಿಗೆ ಸುರಿಯುವುದನ್ನು ಕೋಲಾರದ ಸುತ್ತಲಿನ ಮಕ್ಕಳು ಕಂಡಿದ್ದಾರೆ; 2023ರ ಜುಲೈಯಲ್ಲಿ ಅದೇ ಟೊಮೆಟೊದ 15 ಕಿಲೋ ಬಾಕ್ಸ್ ಕೋಲಾರದ ಎಪಿಎಂಸಿಯಲ್ಲಿ 2,000 ರೂಪಾಯಿ ದಾಟಿದ್ದನ್ನೂ ಕಂಡಿದ್ದಾರೆ. ಜೊತೆಗೆ, "ಚೆನ್ನಾಗಿ ಓದು, ಇಲ್ಲದಿದ್ದರೆ ನನ್ನ ಹಾಗೆ ಮಣ್ಣು ಹೊರಬೇಕಾಗುತ್ತದೆ" ಎಂಬ ಮಾತನ್ನು ಮನೆಯಲ್ಲೇ ಕೇಳುತ್ತಾ ಬೆಳೆದಿರುತ್ತಾರೆ. ಮಣ್ಣಿನ ಕೆಲಸವೆಂದರೆ ಓದದವರಿಗೆ ಸಿಗುವ ಶಿಕ್ಷೆ ಎಂದು ನಾವೇ ಹೇಳಿಕೊಟ್ಟು, ಬಳಿಕ ಅದೇ ಮಣ್ಣನ್ನು ಪ್ರೀತಿಯಿಂದ ಮುಟ್ಟು ಎಂದರೆ ಮಕ್ಕಳು ನಂಬುವುದಾದರೂ ಹೇಗೆ? ಅಂಥ ಮಾತು ನಿಮ್ಮ ಮನೆಯಲ್ಲಿ ಬರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಬೇಕು. ಕೈತೋಟಕ್ಕೂ ಮಾರುಕಟ್ಟೆಗೂ ಸಂಬಂಧವಿಲ್ಲ, ಇಲ್ಲಿ ಬೆಳೆದದ್ದು ಮನೆಯ ಸಾರಿಗೆ ಹೋಗುತ್ತದೆ ಎಂಬುದನ್ನು ಅವನಿಗೆ ಸ್ಪಷ್ಟವಾಗಿ ತಿಳಿಸಿ.

ಮೊದಲ ಬೆಳೆಯಾಗಿ ಟೊಮೆಟೊ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಸುತ್ತಲಿನ ಹೊಲಗಳಿಂದ ಬಿಳಿ ನೊಣ ಬಂದು ಎಲೆ ಮುದುಡು ರೋಗ ತರುತ್ತದೆ, ಹೊಸಬರ ಕೈಯಲ್ಲಿ ಗಿಡ ಉಳಿಯುವುದು ಕಷ್ಟ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಟೊಮೆಟೊ ಬಗ್ಗೆ ನಿಮಗೆ ಎಲ್ಲವೂ ಗೊತ್ತಿರುವುದರಿಂದ ನೀವು ಸುಮ್ಮನಿರಲಾರಿರಿ. ಮೂರನೇ ದಿನಕ್ಕೆ ಮಡಿ ನಿಮ್ಮದಾಗಿರುತ್ತದೆ. ನೀವು ಎಂದೂ ಬೆಳೆಯದ ಬೆಳೆಯನ್ನು ಅವನು ಆರಿಸಿಕೊಂಡರೆ ಒಳ್ಳೆಯದು.

ಅವನು ನನ್ನನ್ನೇ ಕೇಳಿದ್ದರೆ ಎರಡು ಬೆಳೆ ಸೂಚಿಸುತ್ತಿದ್ದೆ. ಒಂದು ದಂಟಿನ ಸೊಪ್ಪು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ಸುಗುಣ' ತಳಿಯನ್ನು ಬಿತ್ತಿದರೆ ಸುಮಾರು 25ರಿಂದ 30 ದಿನಗಳಲ್ಲಿ ಮೊದಲ ಕೊಯ್ಲು ಸಿಗುತ್ತದೆ, ಮತ್ತೆ ಚಿಗುರಿ ಹಲವು ಸಲ ಕೊಯ್ಯಬಹುದು. ಬೀಜ ಬಹಳ ಸಣ್ಣದಾದ್ದರಿಂದ ಮರಳಿನೊಂದಿಗೆ ಬೆರೆಸಿ ಚೆಲ್ಲಬೇಕು. ತಾಳ್ಮೆ ಕಡಿಮೆಯಿರುವ ವಯಸ್ಸಿಗೆ ತಿಂಗಳೊಳಗೆ ಕೈಗೆ ಬರುವ ಬೆಳೆ ಒಂದಾದರೂ ಇರಬೇಕು.

ಇನ್ನೊಂದು ಸೋರೆಕಾಯಿ. ಇದರ ಬಿಳಿ ಹೂವು ಅರಳುವುದು ಸಂಜೆ, ಅಂದರೆ ನಿಮ್ಮ ಮಗ ಶಾಲೆಯಿಂದ ಬಂದ ಮೇಲೆ. ಗಂಡು ಹೂವಿಗೆ ಉದ್ದನೆಯ ತೆಳು ತೊಟ್ಟು ಮಾತ್ರ ಇರುತ್ತದೆ; ಹೆಣ್ಣು ಹೂವಿನ ಬುಡದಲ್ಲಿ, ನವಿರು ರೋಮಗಳಿಂದ ಕೂಡಿದ ಹೆಬ್ಬೆರಳಿಗಿಂತ ಚಿಕ್ಕದಾದ ಪುಟ್ಟ ಸೋರೆಕಾಯಿಯೇ ಕಾಣುತ್ತದೆ. ಆಗ ತಾನೇ ಅರಳಿದ ಗಂಡು ಹೂವನ್ನು ಕಿತ್ತು, ಎಸಳುಗಳನ್ನು ಬಿಡಿಸಿ, ಒಳಗಿನ ಕೇಸರವನ್ನು ಹೆಣ್ಣು ಹೂವಿನ ನಡುವಿನ ಶಲಾಕಾಗ್ರಕ್ಕೆ (ಪರಾಗ ಅಂಟಿಕೊಳ್ಳುವ ತುದಿಗೆ) ಮೃದುವಾಗಿ ಸವರಬೇಕು. ಪರಾಗಸ್ಪರ್ಶ ಆಗಿದ್ದರೆ ನಾಲ್ಕೈದು ದಿನಗಳಲ್ಲಿ ಪುಟ್ಟ ಕಾಯಿ ದಪ್ಪವಾಗುತ್ತಾ ಬಾಗುತ್ತದೆ. ಆಗದಿದ್ದರೆ ಹಳದಿಯಾಗಿ ಉದುರುತ್ತದೆ. ಪುಸ್ತಕದಲ್ಲಿ ಚಿತ್ರ ಬರೆದು ಅಂಕ ಪಡೆದ ಪಾಠವನ್ನು ತನ್ನ ಬೆರಳಿನಿಂದಲೇ ಮಾಡಿ ನೋಡಿದ ಹುಡುಗ ಮರುದಿನ ಸಂಜೆ ಯಾರೂ ಹೇಳದೆಯೇ ಹಿತ್ತಿಲಿಗೆ ಹೋಗುತ್ತಾನೆ. ಮೊದಲಿಗೆ ಗಂಡು ಹೂವುಗಳಷ್ಟೇ ಬಂದು ಉದುರುತ್ತವೆ, ಅದು ರೋಗವಲ್ಲ ಎಂಬುದನ್ನು ಮುಂಚೆಯೇ ತಿಳಿಸಿರಿ. ಅನೇಕರು ಗಿಡ ಕೆಟ್ಟಿತೆಂದು ಕೈಬಿಡುವುದು ಆ ಹಂತದಲ್ಲೇ. ಮೊಬೈಲನ್ನು ಕಸಿದುಕೊಳ್ಳುವ ಅಗತ್ಯವಿಲ್ಲ. ದಿನಕ್ಕೊಂದು ಫೋಟೋ ತೆಗೆದರೆ ಕಾಯಿ ಬೆಳೆದದ್ದು ಅವನಿಗೇ ಕಾಣುತ್ತದೆ.

ಅವನು ನೀರು ಹಾಕಲು ಮರೆತು ಗಿಡ ಬಾಡಿದರೆ, ನಿಮಗೆ ಎಷ್ಟೇ ಸಂಕಟವಾದರೂ ಅವನಿಗೆ ಕಾಣದಂತೆ ನೀರು ಹಾಕಬೇಡಿ. ಕೇಳಿದಾಗ ಮಾತ್ರ ಹೇಳಿಕೊಡಿ. ಸೊಪ್ಪು ಬಂದ ದಿನ ಅಂಗಡಿಯ ಸೊಪ್ಪು ತರದೆ, ಅದರಲ್ಲೇ ಮಸ್ಸೊಪ್ಪು ಮಾಡಿ ಮುದ್ದೆಗೆ ಬಡಿಸಲು ಮನೆಯವರಿಗೆ ಹೇಳಿ. ಮನೆಯ ಅಡಿಗೆ ತನ್ನ ಮಡಿಯನ್ನು ನೆಚ್ಚಿಕೊಂಡಿದೆ ಎಂಬ ಅರಿವು ಯಾವ ಹೊಗಳಿಕೆಗಿಂತಲೂ ಹೆಚ್ಚಿನ ಉತ್ಸಾಹ ಕೊಡುತ್ತದೆ.

ಒಂದು ಎಚ್ಚರಿಕೆ. ಹೊಲಕ್ಕೆ ಹೊಡೆಯುವ ಯಾವ ಔಷಧಿಯೂ ಮಗನ ಕೈಗೆ ಹೋಗಬಾರದು. ಔಷಧಿಯ ಖಾಲಿ ಡಬ್ಬಿ, ಕ್ಯಾನುಗಳನ್ನು ಎಷ್ಟೇ ತೊಳೆದರೂ ಗಿಡ ಹಾಕಲು ಅಥವಾ ನೀರು ಹೊರಲು ಬಳಸಬಾರದು. ಬಣ್ಣ ಹಚ್ಚಿದ ಬೀಜವಾದರೆ ಅದಕ್ಕೆ ಔಷಧಿ ಉಪಚಾರವಾಗಿದೆ ಎಂದರ್ಥ. ಕೈಗವಸು ಹಾಕಿಕೊಂಡು ಬಿತ್ತಿ, ಬಳಿಕ ಸೋಪಿನಿಂದ ಕೈ ತೊಳೆಯಬೇಕು. ಹೇನಿನಂಥ ಸಣ್ಣ ಕೀಟಗಳಿಗೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿದರೆ ಸಾಕು.

ಪ್ರಶ್ನೆ (ಗೃಹಿಣಿ, ತುಮಕೂರು ನಗರ):
ಮೇಡಂ, ನಮ್ಮದು ಬಾಡಿಗೆ ಮನೆ, ಮಣ್ಣಿನ ಜಾಗವಿಲ್ಲ, ತಾರಸಿ ಮಾತ್ರ ಇದೆ. ಮಗಳು ಪ್ರಥಮ ಪಿಯುಸಿ ವಿಜ್ಞಾನ. ಅವಳಿಗೇ ಆಸಕ್ತಿಯಿದೆ, ಆದರೆ ಓದಿಗೆ ತೊಂದರೆಯಾಗುತ್ತದೆಂದು ಮನೆಯವರು ಒಪ್ಪುತ್ತಿಲ್ಲ. ಬೇಸಿಗೆ ರಜೆಯಲ್ಲಿ ಹಾಕಿದ್ದ ಬೀನ್ಸ್, ಕೊತ್ತಂಬರಿ ಎಲ್ಲವೂ ಒಣಗಿಹೋದವು.

ಉತ್ತರ:
ಆಸಕ್ತಿ ತಾನಾಗಿಯೇ ಬಂದಿರುವುದು ದೊಡ್ಡ ವಿಷಯ, ದಯವಿಟ್ಟು ಅದನ್ನು ಉಳಿಸಿಕೊಳ್ಳಿ. ರಜೆ ಸಿಕ್ಕಿತೆಂದು ಏಪ್ರಿಲ್‌ನಲ್ಲಿ ಶುರು ಮಾಡುವವರೇ ಹೆಚ್ಚು, ಆದರೆ ನಮ್ಮ ಬಯಲುಸೀಮೆಯ ತಾರಸಿಯಲ್ಲಿ ಎಳೆಯ ಸಸಿಗೆ ಅದಕ್ಕಿಂತ ಕೆಟ್ಟ ಕಾಲವಿಲ್ಲ. ಕೆಳಗಿನ ಕಾಂಕ್ರೀಟು ಕಾದು ಬೇರು ಬೇಯುತ್ತದೆ. ರಜೆಯಲ್ಲಿ ಮಣ್ಣು, ಗೊಬ್ಬರ ಸಿದ್ಧ ಮಾಡಿಕೊಂಡು, ಬಿತ್ತನೆಯನ್ನು ಜೂನ್‌ನ ಮಳೆಗೆ ಇಟ್ಟುಕೊಳ್ಳುವುದು ಸರಿಯಾದ ಕ್ರಮ. ಜೂನ್‌ನಲ್ಲಿ ಒಂದು ಬೆಳೆ, ದಸರಾ ಆದ ಮೇಲೆ ಇನ್ನೊಂದು ಬೆಳೆ ಮಾಡಿ, ಜನವರಿ ಕೊನೆಗೆ ಗಿಡ ಬೆಳೆಸುವ ಚೀಲಗಳನ್ನು (ಗ್ರೋ ಬ್ಯಾಗ್) ಖಾಲಿ ಮಾಡಿದರೆ ಪರೀಕ್ಷೆಯ ದಿನಗಳಿಗೆ ಕೈತೋಟದ ಹೊರೆಯೇ ಇರುವುದಿಲ್ಲ. ಹತ್ತು ಚೀಲಗಳಿಗೆ ಬೆಳಿಗ್ಗೆ ಹದಿನೈದು ನಿಮಿಷ ಸಾಕು. ಇದನ್ನು ಮಗಳೇ ವೇಳಾಪಟ್ಟಿ ಬರೆದು ಮನೆಯವರ ಮುಂದಿಟ್ಟರೆ ಅವರ ಆತಂಕ ಕಡಿಮೆಯಾದೀತು.

12 ಅಂಗುಲ ಅಗಲ, ಅಷ್ಟೇ ಎತ್ತರದ ಗ್ರೋ ಬ್ಯಾಗ್ ನೀರು ಕುಡಿದ ಮೇಲೆ 20 ಕಿಲೋ ದಾಟುತ್ತದೆ. ಆದ್ದರಿಂದ ಮೊದಲು ಮನೆಯ ಮಾಲೀಕರ ಒಪ್ಪಿಗೆ ಪಡೆಯಿರಿ, ಚೀಲಗಳನ್ನು ತಾರಸಿಯ ನಡುವೆ ಗುಂಪಾಗಿಡದೆ ಕೆಳಗೆ ಗೋಡೆಯಿರುವ ಅಂಚಿನ ಉದ್ದಕ್ಕೂ ಇಡಿ. ಬರೀ ಕೆಂಪು ಮಣ್ಣು ತುಂಬಿದರೆ ಭಾರವೂ ಹೆಚ್ಚು, ನಾಲ್ಕು ನೀರಿಗೆ ಮೇಲ್ಪದರ ಗಟ್ಟಿಯೂ ಆಗುತ್ತದೆ. ನಿಮ್ಮದು ತೆಂಗಿನ ಜಿಲ್ಲೆ, ತೆಂಗಿನ ನಾರಿನ ಪುಡಿ ಸುಲಭವಾಗಿ ಸಿಗುತ್ತದೆ. ಅದನ್ನು ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿ, ಕಂದು ಬಣ್ಣದ ನೀರು ತಿಳಿಯಾದ ಬಳಿಕ, ಒಂದು ಪಾಲು ಪುಡಿಗೆ ಒಂದು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ, ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ ಹಾಕಿ. ಮೆಂತ್ಯ, ಮೂಲಂಗಿ, ಬೆಂಡೆಯಿಂದ ಶುರು ಮಾಡಲಿ. ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯದಿದ್ದರೆ ಕಾಯಿ ನಾರಾಗುತ್ತದೆ.

ನೀರು ಶುದ್ಧೀಕರಣ ಯಂತ್ರದಿಂದ ಹೊರಬರುವ ವ್ಯರ್ಥ ನೀರನ್ನು ಗಿಡಕ್ಕೆ ಹಾಕಬೇಡಿ. ಅದರಲ್ಲಿ ಲವಣಾಂಶ ಸಾಂದ್ರವಾಗಿರುತ್ತದೆ. ಚೀಲದ ಮೇಲೆ ಬಿಳಿ ಪದರ ಕಟ್ಟಿ ಎಲೆಯ ಅಂಚು ಸುಡುತ್ತದೆ. ಅಕ್ಕಿ, ಬೇಳೆ ತೊಳೆದ ನೀರು ಒಳ್ಳೆಯದು.

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕರು, ಚಿಕ್ಕಬಳ್ಳಾಪುರ ಜಿಲ್ಲೆ):
ಮೇಡಂ, ಶಾಲೆಯ ಆವರಣದಲ್ಲಿ ಸ್ವಲ್ಪ ಜಾಗವಿದೆ, ಬಿಸಿಯೂಟಕ್ಕೆ ತರಕಾರಿ ಬೆಳೆಯಬೇಕೆಂದಿದ್ದೇವೆ. ಪ್ರತಿ ವರ್ಷ ಶುರುವಾಗುತ್ತದೆ, ದಸರಾ ಹೊತ್ತಿಗೆ ಕಳೆ ಮಾತ್ರ ಉಳಿಯುತ್ತದೆ. ದೊಡ್ಡ ತರಗತಿಯ ಮಕ್ಕಳು ಹಿಂದೇಟು ಹಾಕುತ್ತಾರೆ.

ಉತ್ತರ:
ಸರ್, ಒಂದು ವಿಚಾರವನ್ನು ಬೇಸರಿಸಿಕೊಳ್ಳದೆ ಗಮನಿಸಿ. ತಡವಾಗಿ ಬಂದವರಿಗೆ, ಮನೆಪಾಠ ಮಾಡದವರಿಗೆ ಕಳೆ ಕೀಳುವ ಕೆಲಸ ಕೊಡುವ ಪದ್ಧತಿ ಅನೇಕ ಶಾಲೆಗಳಲ್ಲಿದೆ. ಅದು ಇರುವವರೆಗೆ ಹದಿನೈದು ವರ್ಷದ ಮಗು ಎಲ್ಲರೆದುರು ಗುದ್ದಲಿ ಹಿಡಿಯಲು ನಾಚುತ್ತದೆ. ಕೈತೋಟವನ್ನು ಶಿಕ್ಷೆಯ ಪಟ್ಟಿಯಿಂದ ಸಂಪೂರ್ಣವಾಗಿ ತೆಗೆಯಿರಿ.

ಇಡೀ ತರಗತಿಗೆ ಒಂದು ತೋಟ ಎಂದರೆ ಅದು ಯಾರದ್ದೂ ಆಗುವುದಿಲ್ಲ. ಎಂಟು ಮತ್ತು ಒಂಬತ್ತನೇ ತರಗತಿಯಲ್ಲಿ ಇಷ್ಟಪಟ್ಟು ಮುಂದೆ ಬಂದವರನ್ನು ನಾಲ್ಕು ನಾಲ್ಕು ಜನರಂತೆ ಗುಂಪು ಮಾಡಿ, ಗುಂಪಿಗೊಂದು ಮಡಿ ಕೊಡಿ. ಎಸ್‌ಎಸ್‌ಎಲ್‌ಸಿ ಮಕ್ಕಳನ್ನು ಒತ್ತಾಯಿಸಬೇಡಿ. ಅಡುಗೆಯವರನ್ನು ಮೊದಲೇ ಕೇಳಿ, ಅವರಿಗೆ ಬೇಕಾದದ್ದನ್ನೇ ಬೆಳೆಸಿ. ನೂರು ಮಕ್ಕಳ ಸಾಂಬಾರಿಗೆ ಎರಡು ಬದನೆಕಾಯಿ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಕರಿಬೇವು, ನುಗ್ಗೆ ಸೊಪ್ಪು, ದಂಟಿನ ಸೊಪ್ಪು ನಿಜವಾಗಿಯೂ ತಟ್ಟೆಗೆ ತಲುಪುತ್ತವೆ. ಬೇಲಿಗೆ ಚಪ್ಪರದವರೆ ಹಬ್ಬಿಸಿದರೆ ಚಳಿಗಾಲದಲ್ಲಿ ಅವರೆಕಾಯಿಯೂ ಸಿಗುತ್ತದೆ. ನಮ್ಮ ಕಡೆಯ ಮಕ್ಕಳಿಗೆ ಅದರ ರುಚಿಯನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ.

ತೋಟ ಸಾಯುವುದು ರಜೆಯಲ್ಲಿ. ಜೂನ್ ಎರಡನೇ ವಾರ ಬಿತ್ತಿದ ಸೊಪ್ಪು, ಬೀನ್ಸ್ ದಸರಾಗೆ ಮುಂಚೆಯೇ ಮುಗಿಯುವಂತೆ ನೋಡಿಕೊಂಡು, ರಜೆಯ ಹೊತ್ತಿಗೆ ಖಾಲಿ ಮಡಿಗಳ ಮೇಲೆ ಒಣ ಎಲೆಯ ಮುಚ್ಚಿಗೆ ಹಾಕಿ. ನವೆಂಬರ್‌ನಲ್ಲಿ ಮತ್ತೆ ಬಿತ್ತಬಹುದು. ತಟ್ಟೆ ತೊಳೆದ ಜಿಡ್ಡು, ಸೋಪಿನ ನೀರನ್ನು ಸೊಪ್ಪಿನ ಮಡಿಗೆ ಬಿಡದೆ ಬಾಳೆ, ನುಗ್ಗೆ ಬುಡಕ್ಕೆ ತಿರುಗಿಸಿ.

ಪ್ರಶ್ನೆ (ತಾಯಿ, ಶಿರಾ ತಾಲ್ಲೂಕು):
ಮೇಡಂ, ಕೇಳಲು ಸಂಕೋಚ. ನನ್ನ ಇಬ್ಬರು ಹೆಣ್ಣುಮಕ್ಕಳು ಹಿತ್ತಿಲಿನಲ್ಲಿ ಮೆಣಸಿನ ಗಿಡ, ಸೊಪ್ಪು ಮಾಡಿದ್ದಾರೆ. ಮುಟ್ಟಾದಾಗ ಗಿಡ ಮುಟ್ಟಬಾರದು, ಒಣಗುತ್ತದೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ನಿಜವೇ?

ಉತ್ತರ:
ಸಂಕೋಚ ಬೇಡಮ್ಮ, ಕೇಳಿದ್ದು ಒಳ್ಳೆಯದಾಯಿತು. ಮುಟ್ಟಾದ ಹುಡುಗಿ ಮುಟ್ಟಿದರೆ ಗಿಡ ಒಣಗುವುದಿಲ್ಲ. ಹೊಲಗಳಲ್ಲಿ ನಾಟಿ, ಕಳೆ, ಕೊಯ್ಲು ಮಾಡುವ ಹೆಣ್ಣುಮಕ್ಕಳು ಆ ದಿನಗಳಲ್ಲೂ ಕೂಲಿಗೆ ಬರುತ್ತಾರೆ, ಬೆಳೆಗೆ ಏನೂ ಆಗುವುದಿಲ್ಲ. ಇದನ್ನು ಅತ್ತೆಯವರ ಗಮನಕ್ಕೆ ಗೌರವದಿಂದಲೇ ತನ್ನಿ. ಗಿಡ ಒಣಗುವುದು ಆ ನಾಲ್ಕೈದು ದಿನ ಯಾರೂ ನೀರು ಹಾಕದೆ ಬಿಟ್ಟಾಗ. ತುಳಸಿಯ ವಿಷಯದಲ್ಲಿ ಹಿರಿಯರ ಮನಸ್ಸು ನೋಯಿಸುವುದು ಬೇಡವೆನಿಸಿದರೆ ಅದನ್ನು ಅವರಿಗೇ ಬಿಟ್ಟು, ತರಕಾರಿ ಮಡಿಯನ್ನು ಪೂರ್ತಿಯಾಗಿ ಮಕ್ಕಳಿಗೆ ಬಿಡಿ. ತಿಂಗಳಿಗೊಮ್ಮೆ "ದೂರ ನಿಲ್ಲು" ಎನ್ನಿಸಿಕೊಂಡ ಹುಡುಗಿಗೆ ಆ ತೋಟ ತನ್ನದೆಂಬ ಭಾವನೆ ಉಳಿಯುವುದು ಕಷ್ಟ.

ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ ಸಾಮಾನ್ಯ. ದಂಟು, ನುಗ್ಗೆ ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿ ತಿಂದರೆ ಅದರಲ್ಲಿನ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ಸೇರುತ್ತದೆ, ಊಟವಾದ ಕೂಡಲೇ ಟೀ ಕುಡಿದರೆ ಕಡಿಮೆ ಸೇರುತ್ತದೆ. ಆದರೆ ಸೊಪ್ಪು ತಿನ್ನುತ್ತೇವೆಂದು ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಬಿಡಬಾರದು.

ಬೀಜದ ಬಗ್ಗೆ ಹಲವರು ಕೇಳಿದ್ದೀರಿ. ತುಮಕೂರಿನವರು ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಕೋಲಾರದವರು ಟಮಕದ ಕೇಂದ್ರದಲ್ಲಿ ವಿಚಾರಿಸಿ. ಹೋಗುವಾಗ ಮಕ್ಕಳನ್ನೂ ಕರೆದೊಯ್ಯಿರಿ, ತಜ್ಞರಿಗೆ ಪ್ರಶ್ನೆಗಳನ್ನು ಅವರೇ ಕೇಳಲಿ.