ಪದಚರ್ಚೆ: ಬೇಸ್‌ಬಾಲ್ ಅಂಪೈರಿನ ‘ಪೊಸಿಷನ್’ – ನೆಲೆಯೋ, ನಿಲುವೋ, ಠಾವೋ?

ಬಳಗದ ಎಲ್ಲರಿಗೂ ನಮಸ್ಕಾರ.

ನನ್ನ ಅಕ್ಕನ ಮಗ ಅಮೆರಿಕದ ಒಹಾಯೊದಲ್ಲಿದ್ದಾನೆ. ವಾರವೆಲ್ಲ ಕಚೇರಿ, ವಸಂತ ಬಂದರೆ ಶನಿವಾರ, ಭಾನುವಾರ ಸಣ್ಣ ಕಾಲೇಜುಗಳ ಬೇಸ್‌ಬಾಲ್ ಪಂದ್ಯಗಳಿಗೆ ಅಂಪೈರ್. ಹಾಸನದಲ್ಲಿರುವ ಅಕ್ಕ, ಭಾವ ಇಬ್ಬರೂ ಕ್ರಿಕೆಟ್ ಬಲ್ಲವರು. ಮಗ ಕಳಿಸಿದ ವಿಡಿಯೊ ನೋಡಿ, ಇವನೇಕೆ ಒಂದು ಕಡೆ ನಿಲ್ಲದೆ ಹೀಗೆ ಓಡಾಡುತ್ತಾನೆ ಎಂದು ನನ್ನನ್ನು ಕೇಳುತ್ತಾರೆ. ಅವರಿಗಾಗಿ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯಲು ಕುಳಿತೆ. ಆಟ ವಿವರಿಸುವುದು ಕಷ್ಟವಾಗಲಿಲ್ಲ. ‘ಪೊಸಿಷನ್’ ಎಂಬ ಒಂದೇ ಪದ ಕೈ ಕಟ್ಟಿಹಾಕಿದೆ.

ತೊಡಕು ಏನೆಂದರೆ, ಅಂಪೈರುಗಳ ಬಾಯಲ್ಲಿ ಈ ಪದ ಮೂರು ಕೆಲಸ ಮಾಡುತ್ತದೆ. ಮೈದಾನದಲ್ಲಿ ಕಾಲೂರುವ ಜಾಗ ಒಂದು. ಅಲ್ಲಿ ಮೈಯನ್ನು ಇರಿಸಿಕೊಳ್ಳುವ ರೀತಿ ಇನ್ನೊಂದು. ಅಲ್ಲಿಂದ ಕಣ್ಣಿಗೆ ಸಿಗುವ ಕೋನ ಮತ್ತೊಂದು. ಮೂರಕ್ಕೂ ಒಂದೇ ಕನ್ನಡ ಪದ ಹೊಂದಿಸಲು ಹೋದರೆ ವಾಕ್ಯ ಕುಂಟುತ್ತದೆ. ಬೇರೆ ಬೇರೆ ಪದ ಬಳಸುವುದೇ ಸರಿ ಎಂದು ನನ್ನ ಅಭಿಪ್ರಾಯ. ಯಾವುದಕ್ಕೆ ಯಾವುದು ಎಂಬುದು ಪ್ರಶ್ನೆ.

ಮೊದಲು ಜಾಗ. ಇಬ್ಬರೇ ಅಂಪೈರುಗಳಿರುವ ಪಂದ್ಯದಲ್ಲಿ ಒಬ್ಬರು ಕ್ಯಾಚರ್ (ಬ್ಯಾಟ್ಸ್‌ಮನ್ ಹಿಂದೆ ಕುಳಿತು ಚೆಂಡು ಹಿಡಿಯುವವನು) ಹಿಂದೆ ಇರುತ್ತಾರೆ, ಇನ್ನೊಬ್ಬರು ಬೇಸ್‌ಗಳನ್ನು, ಅಂದರೆ ಓಟಗಾರ ಒಂದೊಂದಾಗಿ ಮುಟ್ಟುತ್ತ ಸುತ್ತಬೇಕಾದ ಚೌಕದ ಮೂಲೆಗಳನ್ನು, ನೋಡಿಕೊಳ್ಳುತ್ತಾರೆ. ಈ ಎರಡನೆಯವರು ನಿಲ್ಲುವ ಜಾಗಗಳಿಗೆ ಎ, ಬಿ, ಸಿ ಎಂದೇ ಹೆಸರು. ಬೇಸ್‌ಗಳಲ್ಲಿ ಯಾರೂ ಇಲ್ಲದಿದ್ದರೆ ಎ: ಮೊದಲ ಬೇಸ್ ಕಾಯುವ ಫೀಲ್ಡರ್‌ನ ಬೆನ್ನ ಹಿಂದೆ ಹತ್ತು ಹನ್ನೆರಡು ಅಡಿ ದೂರದಲ್ಲಿ, ಹೊಡೆತದ ಎಲ್ಲೆ ಗುರುತಿಸುವ ಫೌಲ್ ಗೆರೆಯ ಹೊರಗೆ. ಮೊದಲ ಬೇಸ್‌ನಲ್ಲಿ ಮಾತ್ರ ಓಟಗಾರನಿದ್ದರೆ ಬಿ: ಬೇಸ್‌ಗಳ ಚೌಕದೊಳಗೆ ಬಂದು, ಪಿಚರ್ (ಬ್ಯಾಟ್ಸ್‌ಮನ್‌ಗೆ ಚೆಂಡು ಎಸೆಯುವವನು) ನಿಲ್ಲುವ ದಿಬ್ಬಕ್ಕೂ ಎರಡನೆಯ ಬೇಸ್‌ಗೂ ನಡುವೆ, ಮೊದಲ ಬೇಸ್‌ನ ಮಗ್ಗುಲಿಗೆ. ಓಟಗಾರ ಎರಡನೆಯ ಬೇಸ್ ತಲುಪಿದರೆ ಅಂಪೈರ್ ಸಿಗೆ ಸರಿಯುತ್ತಾರೆ, ಅಂದರೆ ಅದೇ ಒಳಗಿನ ಜಾಗದಲ್ಲಿ ಮೂರನೆಯ ಬೇಸ್‌ನ ಮಗ್ಗುಲಿಗೆ. (ಅದನ್ನು ಡೈಮಂಡ್ ಎನ್ನುತ್ತಾರೆ, ಆದರೆ ಬದಿಗೆ 90 ಅಡಿಯಂತೆ ನಾಲ್ಕೂ ಬದಿ ಸಮ, ಮೂಲೆಗಳೂ ನೇರ. ಚೌಕ ಎಂದರೆ ಸಾಕು. ‘ವಜ್ರ’ ಎಂದು ಬರೆದವರನ್ನು ಕಂಡು ನನಗೆ ಒಡವೆ ಅಂಗಡಿ ನೆನಪಾಯಿತು.)

ಇದಕ್ಕೆ ‘ನೆಲೆ’ ಎನ್ನೋಣವೆಂದರೆ, ವಾಯುನೆಲೆ, ಸೇನಾನೆಲೆ ಎನ್ನುವಾಗ ನೆಲೆ ಎಂಬುದೇ ಬೇಸ್. ‘ಮೊದಲ ನೆಲೆಯ ಬಳಿ ಎ ನೆಲೆ’ ಎಂದು ಬರೆದರೆ ಅಕ್ಕ ಟಿಪ್ಪಣಿಯನ್ನು ಮಡಿಸಿಡುತ್ತಾಳೆ. ‘ತಾಣ’ವನ್ನು ಅಂತರ್ಜಾಲ ನುಂಗಿದೆ. ‘ಸ್ಥಾನ’ ಎಂದರೆ ಪತ್ರಿಕೆಯ ಕ್ರೀಡಾಪುಟದಲ್ಲಿ ಅಂಕಪಟ್ಟಿಯ ಸ್ಥಾನ. ನನಗೆ ಹಿಡಿಸಿರುವುದು ‘ಠಾವು’. ಹಳೆಯ ಪದ ನಿಜ, ಆದರೆ ಸತ್ತಿಲ್ಲ. ಹಳೆ ಮೈಸೂರು ಸೀಮೆಯಲ್ಲಿ ‘ಅವರ ತಾವ ಹೋಗು’ ಎನ್ನುವಾಗ ಇಣುಕುವುದು ಇದೇ. ‘ಓಟಗಾರ ಎರಡನೆಯ ಬೇಸ್ ಸೇರಿದೊಡನೆ ಅಂಪೈರ್ ಠಾವು ಬದಲಿಸುತ್ತಾರೆ’ ಎಂಬ ವಾಕ್ಯ ನನಗೆ ಸಲೀಸಾಗಿ ಓದಿಸಿಕೊಳ್ಳುತ್ತದೆ. ಉತ್ತರ ಕರ್ನಾಟಕದವರಿಗೂ ಕರಾವಳಿಯವರಿಗೂ ಅದು ಹೇಗೆ ಕೇಳಿಸುತ್ತದೆ ಎಂದು ತಿಳಿಸಬೇಕು.

ಎರಡನೆಯದು ಮೈಯ ನಿಲುವು. ‘ನಿಲುವು’ ಎಂದು ಬರೆದ ತಕ್ಷಣ ಸರ್ಕಾರದ ನಿಲುವು, ಪಕ್ಷದ ನಿಲುವು ಎಂಬ ವಾಸನೆ ಬರುತ್ತದೆ. ‘ಭಂಗಿ’ ಯೋಗಾಸನಕ್ಕೂ ಫೋಟೊಕ್ಕೂ ಒಗ್ಗಿಹೋಗಿದೆ. ಕ್ಯಾಚರ್ ಹಿಂದಿನ ಅಂಪೈರ್ ಪಾದಗಳನ್ನು ಭುಜಕ್ಕಿಂತ ಅಗಲವಾಗಿ ಊರಿ, ಒಂದು ಪಾದವನ್ನು ಇನ್ನೊಂದಕ್ಕಿಂತ ತುಸು ಹಿಂದಿಟ್ಟು, ಮಂಡಿ ಬಾಗಿಸಿ, ತನ್ನ ಗದ್ದ ಕ್ಯಾಚರನ ನೆತ್ತಿಯ ಮಟ್ಟಕ್ಕೆ ಬರುವಷ್ಟು ಕುಗ್ಗುತ್ತಾರೆ. ‘ಅರೆಮಂಡಿ’ ಎನ್ನುವ ಆಸೆಯಾಯಿತು. ಆದರೆ ನೃತ್ಯ ಕಲಿತವರು ಒಪ್ಪಲಾರರು: ಅಲ್ಲಿ ಹಿಮ್ಮಡಿಗಳು ಹತ್ತಿರ, ಮಂಡಿಗಳು ಬದಿಗೆ. ಸದ್ಯಕ್ಕೆ ‘ಭಂಗಿ’ಯನ್ನೇ ಉಳಿಸಿಕೊಂಡಿದ್ದೇನೆ, ಒಲ್ಲದ ಮನಸ್ಸಿನಿಂದ.

ಈ ಅಂಪೈರ್ ತಲೆ ಇಡುವ ಜಾಗಕ್ಕೆ ಇಂಗ್ಲಿಷಿನಲ್ಲಿ ‘ಸ್ಲಾಟ್’ ಎಂದು ಹೆಸರು. ಕ್ಯಾಚರ್‌ನ ತಲೆಗೂ ಬ್ಯಾಟ್ಸ್‌ಮನ್‌ನ ಮೈಗೂ ನಡುವೆ ಉಳಿಯುವ ಬಿಡುವು ಅದು. ಬಲಗೈ ಬ್ಯಾಟ್ಸ್‌ಮನ್ ಆದರೆ ಅಂಪೈರಿನ ಎಡಕ್ಕೆ, ಎಡಗೈಯವನಾದರೆ ಬಲಕ್ಕೆ. ಅಲ್ಲಿಂದ ತಲೆ ಅಲುಗಿಸದೆ ಬರೀ ಕಣ್ಣುಗುಡ್ಡೆಯಿಂದ ಚೆಂಡನ್ನು ಹಿಂಬಾಲಿಸಿ, ಬ್ಯಾಟ್ಸ್‌ಮನ್ ಪಕ್ಕದಲ್ಲಿ ನೆಲಕ್ಕೆ ಕೂರಿಸಿದ 17 ಇಂಚು ಅಗಲದ ಹೋಮ್ ಪ್ಲೇಟಿನ ಮೇಲೆ ಅದು ಹಾದುಹೋಯಿತೇ ಎಂದು ತೀರ್ಮಾನಿಸಬೇಕು. ಕ್ಯಾಚರ್ ಒಳಕ್ಕೆ ಸರಿದು ಆ ಬಿಡುವನ್ನು ಮುಚ್ಚಿದನೆನ್ನಿ. ಆಗ ಅಂಪೈರ್ ಇನ್ನೊಂದು ಬದಿಗೆ ಹೋಗಬಾರದು, ತಲೆಯನ್ನು ತುಸು ಮೇಲಕ್ಕೆತ್ತಬೇಕು ಎಂದು ಹೇಳಿಕೊಡುತ್ತಾರೆ. ಹಿಂದೆ ದೊಡ್ಡ ಲೀಗುಗಳಲ್ಲೇ ಇದರ ವಿಚಾರದಲ್ಲಿ ಎರಡು ಪಂಥಗಳಿದ್ದವು. ನ್ಯಾಷನಲ್ ಲೀಗಿನವರು ಎದೆಗವಚವನ್ನು ಅಂಗಿಯೊಳಗೆ ಧರಿಸಿ ಈ ಬಿಡುವಿನಲ್ಲಿ ಬಾಗುತ್ತಿದ್ದರು. ಅಮೆರಿಕನ್ ಲೀಗಿನವರು 1970ರ ದಶಕದವರೆಗೂ ಹೊರಗೆ ಹಿಡಿಯುವ ದಪ್ಪ ಗಾಳಿದಿಂಬಿನಂಥ ಕವಚ ಬಳಸಿ ಕ್ಯಾಚರ್‌ನ ತಲೆಯ ಮೇಲಿಂದ ನೋಡುತ್ತಿದ್ದರು. ನಿಲ್ಲುವ ಕ್ರಮ ಬೇರೆಯಾದ್ದರಿಂದ ಎರಡೂ ಲೀಗುಗಳಲ್ಲಿ ಸ್ಟ್ರೈಕ್‌ನ (ಬ್ಯಾಟ್ಸ್‌ಮನ್ ಹೊಡೆಯಬಹುದಾದ ಮಿತಿಯೊಳಗೆ ಬಂದ ಎಸೆತದ) ಎತ್ತರವೇ ಬೇರೆ ಎಂದು ಆಟಗಾರರು ಗೊಣಗುತ್ತಿದ್ದರು.

ಸ್ಲಾಟಿಗೆ ‘ಕಿಂಡಿ’ ಎಂದರೆ ಹೇಗೆ? ಕಿಂಡಿಗೆ ಗೋಡೆ ಬೇಕು. ಮೇಲಾಗಿ ಕನ್ನಡದಲ್ಲಿ ಕಿಂಡಿ ಎಂದರೆ ಮನಸ್ಸು ನೇರ ಉಡುಪಿಗೆ ಹೋಗುತ್ತದೆ. ಎರಡು ಮೈಗಳ ನಡುವಿನ ಇಕ್ಕಟ್ಟಿಗೆ ‘ಸಂದು’ ಇದೆ. ಸಂದಿಗೊಂದಿಯ ಸಂದಿಯೂ ಅದೇ. ‘ಅಂಪೈರ್ ಸಂದಿನಲ್ಲಿ ತಲೆಯಿಟ್ಟರು’ ಎಂದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಮೂರನೆಯದು, ಕೋನ, ಟಿಪ್ಪಣಿಯ ಜೀವ ಇರುವುದು ಇಲ್ಲಿ. ಬೇಸ್ ಅಂಪೈರುಗಳಿಗೆ ಮೊದಲು ಕಲಿಸುವುದೇ ದೂರಕ್ಕಿಂತ ಕೋನ ಮುಖ್ಯ ಎಂದು. ನೆಲದ ಮೇಲೆ ಉರುಳಿದ ಚೆಂಡನ್ನು ಶಾರ್ಟ್‌ಸ್ಟಾಪ್ (ಎರಡನೆಯ, ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಎತ್ತಿ ಮೊದಲ ಬೇಸ್‌ಗೆ ಎಸೆಯುತ್ತಾನೆ. ಎ ಠಾವಿನ ಅಂಪೈರ್ ಗೆರೆ ದಾಟಿ ಒಳಬಂದು, ಎಸೆತದ ದಾರಿಗೆ ತನ್ನ ನೋಟ ಲಂಬವಾಗುವಂತೆ, ಬೇಸ್‌ನಿಂದ ಹದಿನೈದು ಹದಿನೆಂಟು ಅಡಿ ದೂರದಲ್ಲಿ ನಿಂತುಬಿಡಬೇಕು. ಓಡುತ್ತಲೇ ತೀರ್ಮಾನಿಸುವಂತಿಲ್ಲ. ಎಸೆತ ಸರಿಯಾಗಿ ಬರುತ್ತಿದೆ ಎಂದು ಖಚಿತವಾದ ಮೇಲೆ ಕಣ್ಣು ಚೆಂಡನ್ನು ಬಿಟ್ಟು ಬೇಸ್‌ಗೆ ಹೋಗುತ್ತದೆ. ಓಟಗಾರನ ಪಾದ ತಗಲುವುದನ್ನು ಕಣ್ಣು ನೋಡುತ್ತದೆ. ಚೆಂಡು ಗ್ಲೌಸಿಗೆ ಬಡಿಯುವ ಸದ್ದನ್ನು ಕಿವಿ ಹಿಡಿಯುತ್ತದೆ. ಮುಟ್ಟಿ ಔಟ್ ಮಾಡುವ ಸಂದರ್ಭದಲ್ಲಾದರೆ ಇನ್ನೂ ಹತ್ತಿರ ಹೋಗಿ, ಗ್ಲೌಸಿಗೂ ಓಟಗಾರನ ಮೈಗೂ ನಡುವೆ ಬೆಳಕು ಕಾಣುವ ಬದಿ ಹಿಡಿಯಬೇಕು. ಫೀಲ್ಡರ್‌ನ ಬೆನ್ನು ಅಡ್ಡ ಬಂತೋ, ಐದಡಿ ದೂರದಲ್ಲಿದ್ದರೂ ಏನೂ ಕಾಣದು. ಕ್ರಿಕೆಟ್‌ನಲ್ಲಿ ರನೌಟ್ ಸಂಭವ ಬಂದಾಗ ಬೌಲರ್ ತುದಿಯ ಅಂಪೈರ್ ವಿಕೆಟ್ ಹಿಂದಿನಿಂದ ಬದಿಗೆ ಓಡಿ ಕ್ರೀಸಿನ ನೇರಕ್ಕೆ ನಿಲ್ಲುವುದೂ ಇದಕ್ಕಾಗಿಯೇ ಎಂದು ಹೇಳಿದಾಗ ಭಾವನವರಿಗೆ ವಿಷಯ ಹೊಳೆಯಿತು.

ಇಂಗ್ಲಿಷಿನಲ್ಲಿ ‘ಸ್ಟ್ರೇಟ್‌ಲೈನ್ ಆದೆ’ ಎಂದು ಹಳಹಳಿಸುವುದನ್ನು ಕನ್ನಡದಲ್ಲಿ ‘ಮರೆ ಬಿತ್ತು’ ಎಂದರೆ ಮುಗಿಯಿತು. ನೋಡುವುದಕ್ಕೂ ಕಾಣುವುದಕ್ಕೂ ನಮ್ಮಲ್ಲಿ ಬೇರೆ ಕ್ರಿಯಾಪದಗಳಿರುವುದು ಇಲ್ಲಿ ಬಹಳ ಅನುಕೂಲ.

ಫೋರ್ಸ್ ಪ್ಲೇ, ಟ್ಯಾಗ್ ಪ್ಲೇಗಳ ಬಗ್ಗೆ ಎರಡು ಮಾತು. ಎರಡನೆಯದು ಸುಲಭ, ‘ಮುಟ್ಟು ಔಟ್’. ಮೊದಲನೆಯದನ್ನು ‘ಒತ್ತಾಯದ ಔಟ್’ ಎಂದರೆ ಯಾರನ್ನೋ ಬಲವಂತವಾಗಿ ಹೊರಹಾಕಿದ ಹಾಗೆ. ಹಿಂದಿನವನು ಬರುತ್ತಿರುವುದರಿಂದ ಮುಂದಿನವನು ಬೇಸ್ ತೆರವು ಮಾಡಲೇಬೇಕು ಎಂಬುದು ಅಲ್ಲಿನ ತರ್ಕ. ‘ತೆರವು ಔಟ್’ ಆಗಬಹುದೇ?

ಇನ್ನು ‘ಮೆಕ್ಯಾನಿಕ್ಸ್’. ಯಾವ ಸಂದರ್ಭದಲ್ಲಿ ಯಾರು ಎಲ್ಲಿಗೆ ಓಡಬೇಕು, ಹೇಗೆ ತಿರುಗಬೇಕು, ಯಾರ ಜಾಗವನ್ನು ಯಾರು ತುಂಬಬೇಕು ಎಂಬ ಇಡೀ ಕಸರತ್ತಿಗೆ ಅವರಿಟ್ಟಿರುವ ಹೆಸರು. ಎತ್ತರದ ಹೊಡೆತದ ಹಿಂದೆ ಬೇಸ್ ಅಂಪೈರ್ ಹೊರಮೈದಾನಕ್ಕೆ ಓಡಿದರೆ ಎಲ್ಲ ಬೇಸ್‌ಗಳ ಹೊಣೆ ಕ್ಯಾಚರ್ ಹಿಂದಿನ ಪ್ಲೇಟ್ ಅಂಪೈರಿನದು ಎಂಬುದೂ ಅದರಲ್ಲೇ ಬರುತ್ತದೆ. ನಾನು ‘ವರಸೆ’ ಎಂದು ಬರೆದಿದ್ದೇನೆ. ದೊಣ್ಣೆವರಸೆ ಇದೆ, ಸಂಗೀತದಲ್ಲಿ ಸರಳೆವರಸೆ ಇದೆ. ಎರಡೂ ಕಡೆ ಕ್ರಮವಾಗಿ ಕೂಡಿಸಿದ ಚಲನೆ ಎಂಬ ಅರ್ಥವೇ. ‘ವರಸೆ ಬದಲಿಸಿದ’ ಎಂಬ ಕೊಂಕು ಅರ್ಥವೂ ಇದೆ ಎಂದು ಗೊತ್ತು, ಆದರೆ ‘ಇಬ್ಬರ ವರಸೆ, ನಾಲ್ವರ ವರಸೆ’ ಎಂದು ಹೇಳಿದಾಗ ಅದು ಕಾಡುವುದಿಲ್ಲ.

ಕ್ರಿಯಾಪದದ ಒಂದು ಸೂಕ್ಷ್ಮವನ್ನೂ ಬಳಗದ ಮುಂದಿಡುತ್ತೇನೆ. ಕ್ರಿಕೆಟ್ ಅಂಪೈರ್ ಔಟ್ ‘ಕೊಡುತ್ತಾರೆ’. ಅಲ್ಲಿ ಫೀಲ್ಡರುಗಳು ಮೊದಲು ಕೇಳುತ್ತಾರೆ, ಕೇಳಿದ್ದಕ್ಕೆ ಕೊಡುವುದು. 1999ರಲ್ಲಿ ದೆಹಲಿಯಲ್ಲಿ ಕುಂಬ್ಳೆ ಹತ್ತು ವಿಕೆಟ್ ಪಡೆದ ಪಂದ್ಯದಲ್ಲಿ ನಮ್ಮವರೇ ಆದ ಎ.ವಿ. ಜಯಪ್ರಕಾಶ್ ಅಂಪೈರ್ ಆಗಿದ್ದರು. ‘ಜಯಪ್ರಕಾಶ್ ಔಟ್ ಕೊಟ್ಟರು’ ಎಂದೇ ಎಲ್ಲರೂ ಹೇಳುವುದು. ಬೇಸ್‌ಬಾಲ್‌ನಲ್ಲಿ ಸಾಮಾನ್ಯವಾಗಿ ಯಾರೂ ಕೇಳಬೇಕಾಗಿಲ್ಲ. ಪ್ರತಿ ಎಸೆತಕ್ಕೂ ತಾನಾಗಿ ಹೇಳಬೇಕು: ಸ್ಟ್ರೈಕ್ ಆದರೆ ಎದ್ದು ನಿಂತು ಕೈ ಬೀಸಿ ಕೂಗುತ್ತಾರೆ, ಬಾಲ್ (ಆ ಮಿತಿಯ ಹೊರಗೆ ಹೋದ ಎಸೆತ) ಆದರೆ ಬಾಗಿದಲ್ಲಿಂದಲೇ ಕೈಸನ್ನೆಯಿಲ್ಲದೆ ಬಾಯಲ್ಲಿ ಹೇಳುತ್ತಾರೆ. ಹೀಗಾಗಿ ಮೊದಲನೆಯದಕ್ಕೆ ‘ಸಾರು’, ಎರಡನೆಯದಕ್ಕೆ ‘ಹೇಳು’ ಬಳಸಿದ್ದೇನೆ. ‘ಬಾಲ್’ ಅನ್ನು ಎಣಿಕೆಗೆ ಮೀಸಲಿಟ್ಟು, ಕೈಗೆ ಸಿಗುವ ವಸ್ತುವನ್ನು ‘ಚೆಂಡು’ ಎಂದೇ ಕರೆದಿದ್ದೇನೆ.

ನಿಜಕ್ಕೂ ಸಿಕ್ಕಿಬಿದ್ದಿರುವುದು ‘ಟೈಮಿಂಗ್’ನಲ್ಲಿ. ಬ್ಯಾಟ್ಸ್‌ಮನ್‌ಗೆ ಟೈಮಿಂಗ್ ಎಂದರೆ ಸರಿಯಾದ ಗಳಿಗೆಗೆ ಬೀಸುವುದು. ಅಂಪೈರಿಗೆ ಅದರ ಅರ್ಥ ಆತುರಪಡದಿರುವುದು: ಓಟಗಾರ ಜಾರಿ ಬಂದ, ಗ್ಲೌಸ್ ಅವನ ಮೈಗೆ ತಗಲಿತು, ಆದರೆ ಚೆಂಡು ಇನ್ನೂ ಗ್ಲೌಸಿನಲ್ಲಿದೆಯೇ ಎಂದು ಕಂಡುಕೊಂಡ ಮೇಲೆ ಕೈ ಎತ್ತುವುದು. ‘ಸಾವಧಾನ’ ಎಂಬ ಪದದಲ್ಲಿ ಎಚ್ಚರ, ನಿಧಾನ ಎರಡೂ ಇವೆಯಾದ್ದರಿಂದ ಅದರತ್ತ ವಾಲಿದ್ದೇನೆ. ಆದರೆ ‘ಅವನ ಸಾವಧಾನ ಚೆನ್ನಾಗಿದೆ’ ಎಂದು ಯಾರೂ ಹೇಳುವುದಿಲ್ಲವಲ್ಲ. ಕಬಡ್ಡಿ, ಕೊಕ್ಕೊ ಪಂದ್ಯಗಳಿಗೆ ತೀರ್ಪುಗಾರರಾಗಿ ಹೋಗುವವರು ಬಳಗದಲ್ಲಿದ್ದರೆ, ಅವಸರಪಟ್ಟು ಸೀಟಿ ಊದಿದವನನ್ನು ತಮ್ಮತಮ್ಮಲ್ಲಿ ಏನೆಂದು ಹಂಗಿಸುತ್ತೀರಿ, ಊದದೆ ಕಾದವನನ್ನು ಏನೆಂದು ಹೊಗಳುತ್ತೀರಿ ಎಂದು ದಯವಿಟ್ಟು ಬರೆಯಿರಿ.